ಹಾರ್ಟ್ ಆಪರೇಷನ್ ಆದ್ಮೇಲೆ ರಿದಮ್ ಕೆಟ್ಟು ಶಾಕ್ ಕೊಟ್ಟಿದ್ರು, ಈಗ ಅಮಿಯೋಡರೋನ್ ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಐದು ವಾರದ ಹಿಂದೆ ಬೈಪಾಸ್ ಆಯ್ತು, ಜೊತೆಗೇ ಒಂದು ವಾಲ್ವ್ ತೆಗೆದು ಮೆಟಲ್ ವಾಲ್ವ್ ಹಾಕಿದ್ರು. ಮೂರನೇ ದಿನ ರಾತ್ರಿ ಐಸಿಯುನಲ್ಲಿ ಇದ್ದಕ್ಕಿದ್ದ ಹಾಗೆ ವಿಟಿ ಅಂತ ಆಗಿ ಶಾಕ್ ಕೊಟ್ಟು ಅಮಿಯೋಡರೋನ್ ಡ್ರಿಪ್ ಹಾಕಿದ್ರು, ಮಧ್ಯೆ ಲಿಗ್ನೋಕೇನ್ ಅನ್ನೋ ಇಂಜೆಕ್ಷನ್ನೂ ಕೊಟ್ರಂತೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ ಹೊತ್ತಿನ ಪೊಟ್ಯಾಷಿಯಂ 3.1 ಅಂತಿದೆ, ಎಕೋದಲ್ಲಿ ಪಂಪಿಂಗ್ 40 ಪರ್ಸೆಂಟ್. ಈಗ ಮನೇಲಿ ಅಮಿಯೋಡರೋನ್ 200, ಮೆಟೊಪ್ರೊಲಾಲ್, ವಾರ್ಫರಿನ್, ಅಟೊರ್ವಾಸ್ಟಾಟಿನ್ ತಗೋತಿದ್ದಾರೆ. ಅಮಿಯೋಡರೋನ್ ಶ್ವಾಸಕೋಶ, ಥೈರಾಯ್ಡ್ ಎಲ್ಲ ಹಾಳು ಮಾಡತ್ತೆ ಅಂತ ನೆಟ್‌ನಲ್ಲಿ ಓದಿ ಅಣ್ಣ ನಿಲ್ಲಿಸೋಣ ಅಂತಾನೆ, ಅಮ್ಮ ಬೇಡವೇ ಬೇಡ ಅಂತಾರೆ. ಯಾರ ಮಾತು ಕೇಳೋದು? ಆಪರೇಷನ್‌ನಲ್ಲೇ ಏನಾದ್ರೂ ತಪ್ಪಾಗಿತ್ತಾ?

ಉತ್ತರ: ಅಣ್ಣ, ಅಮ್ಮ ಇಬ್ರಿಗೂ ಸೇರಿಸಿ ಮೊದ್ಲು ಒಂದು ಮಾತು. ಮಾತ್ರೆಯನ್ನ ನೀವಾಗೇ ನಿಲ್ಲಿಸ್ಬೇಡಿ, ಆದ್ರೆ ಮುಂದಿನ ಸಲ ಹೋದಾಗ "ಇದನ್ನ ಯಾವತ್ತು ನಿಲ್ಲಿಸ್ತೀರಿ" ಅಂತ ಕೇಳದೇ ವಾಪಸ್ ಬರ್ಬೇಡಿ. ಆ ರಾತ್ರಿ ಆ ಔಷಧಿ ಕೊಟ್ಟಿದ್ದು ಸರಿ, ಅದ್ರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಆಪರೇಷನ್ ಆದ್ಮೇಲಿನ ನಾಲ್ಕು ದಿನದ ತೊಂದರೆಗೆ ಅಂತ ಶುರು ಮಾಡಿದ ಅಮಿಯೋಡರೋನ್ ಒಂದು ಚೀಟಿಯಿಂದ ಇನ್ನೊಂದು ಚೀಟಿಗೆ ಇಳೀತಾ ವರ್ಷಗಟ್ಟಲೆ ನಡೆದಿರೋದನ್ನ ನಾನು ಎಷ್ಟೋ ಸಲ ನೋಡಿದ್ದೀನಿ, ಯಾಕೆ ಶುರುವಾಯ್ತು ಅಂತ ಆಮೇಲೆ ಯಾರಿಗೂ ನೆನಪಿರಲ್ಲ. ನಿಮ್ಮ ಅಣ್ಣ ಓದಿರೋ ಥೈರಾಯ್ಡ್, ಶ್ವಾಸಕೋಶದ ತೊಂದರೆಗಳು ಹೆಚ್ಚಾಗಿ ಅಂಥವರಲ್ಲಿ ಬರೋವು.

ಇನ್ನೊಂದು ಗೊಂದಲ ಮೊದಲೇ ಬಿಡಿಸಿಡ್ತೀನಿ. ಹಾರ್ಟ್ ಆಪರೇಷನ್ ಆದ್ಮೇಲೆ ತುಂಬಾ ಜನಕ್ಕೆ ಬರೋದು ಎಎಫ್, ಅಂದ್ರೆ ಹೃದಯದ ಮೇಲಿನ ಕೋಣೆಗಳು ಕಂಪಿಸೋದು. ಬೈಪಾಸ್ ಆದವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರಿಗೆ ಬರತ್ತೆ, ಬೈಪಾಸ್ ಜೊತೆ ವಾಲ್ವ್ ಕೂಡ ಮಾಡಿದ್ರೆ ಇನ್ನೂ ಜಾಸ್ತಿ, ಎರಡನೇ ಮೂರನೇ ದಿನಕ್ಕೇ ಅದರ ಜೋರು. ಕಿರಿಕಿರಿ ಹೌದು, ಸ್ಟ್ರೋಕ್ ಭಯನೂ ಇದೆ, ಆದ್ರೆ ನಿಂತ ಹಾಗೇ ಜೀವ ತೆಗೆಯೋದು ಅಪರೂಪ. ನಿಮ್ಮ ತಂದೆಗೆ ಆಗಿದ್ದು ಬೇರೆ. ವಿಟಿ ಅಂದ್ರೆ ಕೆಳಗಿನ ಕೋಣೆ, ರಕ್ತ ಪಂಪ್ ಮಾಡೋ ಕೋಣೆನೇ, ತನ್ನಷ್ಟಕ್ಕೆ ತಾನು ನಿಮಿಷಕ್ಕೆ 180, 200 ಅಂತ ಓಡೋಕೆ ಶುರು ಮಾಡೋದು. ತುಂಬೋಕೆ ಪುರುಸೊತ್ತೇ ಸಿಗದ ಕೋಣೆ ಏನನ್ನ ಪಂಪ್ ಮಾಡತ್ತೆ ಹೇಳಿ. ಅದು ಇನ್ನೂ ಕೆಟ್ಟು ವಿಎಫ್ ಆಯ್ತು ಅಂದ್ರೆ ಪಂಪಿಂಗ್ ಪೂರ್ತಿ ನಿಂತ ಹಾಗೆ. ಇದು ಬರೋದು ನೂರರಲ್ಲಿ ಒಬ್ಬರಿಂದ ಮೂವರಿಗೆ ಅಷ್ಟೇ, ಆದ್ರೆ ಬಂದಾಗ ನಿಮಿಷಗಳ ಲೆಕ್ಕ. ನೆಟ್‌ನಲ್ಲಿ ಸಿಗೋ ಮಾಹಿತಿ ಮುಕ್ಕಾಲು ಪಾಲು ಎಎಫ್ ಬಗ್ಗೆ ಇರತ್ತೆ, ಅದನ್ನ ಓದಿ ನಿಮ್ಮ ತಂದೆಯವರ ಔಷಧಿ ಬಗ್ಗೆ ತೀರ್ಮಾನ ಮಾಡೋಕೆ ಹೋಗ್ಬೇಡಿ.

ಆ ಹೊತ್ತಲ್ಲಿ ಬೆಡ್ ಪಕ್ಕ ಏನಾಗತ್ತೆ ಅಂತ ಹೇಳ್ತೀನಿ, ಔಷಧಿಯ ಜಾಗ ಎಲ್ಲಿ ಅಂತ ಅದರಿಂದಲೇ ಗೊತ್ತಾಗತ್ತೆ. ಮಾನಿಟರ್‌ನಲ್ಲಿ ಮೇಲಿನ ಹಸಿರು ಗೆರೆ ಈಸಿಜಿ, ಅದರ ಕೆಳಗೆ ಕೆಂಪು ಗೆರೆ, ಅದು ಮಣಿಕಟ್ಟಿನ ರಕ್ತನಾಳದೊಳಗೆ ಹಾಕಿರೋ ಸಣ್ಣ ಕೊಳವೆಯಿಂದ ಬರೋ ಬಿಪಿ. ವಿಟಿ ಬಂದ ಕ್ಷಣ ಹಸಿರು ಗೆರೆಯ ಸಣ್ಣ ಮುಳ್ಳುಗಳೆಲ್ಲ ಹೋಗಿ ಅಗಲವಾದ ದೊಡ್ಡ ಅಲೆಗಳು ಸಾಲಾಗಿ ಓಡ್ತವೆ, ಅಲಾರಂ ಕಿರುಚತ್ತೆ, ಆದ್ರೆ ಪಳಗಿದ ನರ್ಸ್ ಕಣ್ಣು ಮೊದ್ಲು ಹೋಗೋದು ಕೆಂಪು ಗೆರೆ ಮೇಲೆ. ಕೆಂಪು ಗೆರೆಯಲ್ಲಿ ಇನ್ನೂ ಏರಿಳಿತ ಇದ್ರೆ ರಕ್ತ ಹರೀತಿದೆ, ಔಷಧಿ ಹಾಕೋಕೆ ಕೆಲವು ನಿಮಿಷ ಸಿಗತ್ತೆ. ಅದು ಮಲಗಿಬಿಟ್ರೆ ಯಾವ ಔಷಧಿಗೂ ಕಾಯೋ ಹಾಗಿಲ್ಲ, ಶಾಕ್ ಒಂದೇ. ಹೃದಯ ಆಪರೇಷನ್ ಆದವರಲ್ಲಿ ಇದರ ಕ್ರಮ ಕೂಡ ಬೇರೆ. 2017ರಲ್ಲಿ ಅಮೆರಿಕದ ಥೊರಾಸಿಕ್ ಸರ್ಜನ್‌ಗಳ ಸೊಸೈಟಿ ಪ್ರಕಟಿಸಿದ ಸೂಚನೆ ಪ್ರಕಾರ ಒಂದು ನಿಮಿಷದೊಳಗೆ ಶಾಕ್ ಕೊಡೋ ಹಾಗಿದ್ರೆ ಎದೆ ಒತ್ತೋದಕ್ಕೂ ಮೊದ್ಲು ಒಂದರ ಹಿಂದೆ ಒಂದು ಮೂರು ಶಾಕ್ ಕೊಡಬೇಕು, ಯಾಕಂದ್ರೆ ಹೊಸದಾಗಿ ತಂತಿ ಹಾಕಿ ಕಟ್ಟಿರೋ ಎದೆಮೂಳೆ ಕೆಳಗೆ ಹೊಸ ಹೊಲಿಗೆಗಳಿರ್ತವೆ. ಮೂರಕ್ಕೂ ಬಗ್ಗದಿದ್ರೆ ಅಮಿಯೋಡರೋನ್ 300 ಮಿಲಿಗ್ರಾಂ, ಅದರ ಜೊತೆಗೇ ಎದೆ ಮತ್ತೆ ತೆರೆಯೋಕೆ ತಯಾರಿ. ಬೇರೆ ಕಡೆ ಹೃದಯ ನಿಂತಾಗ ಮಾಮೂಲಾಗಿ ಕೊಡೋ ಪೂರ್ತಿ 1 ಮಿಲಿಗ್ರಾಂ ಅಡ್ರಿನಲಿನ್ ಇವರಿಗೆ ಕೊಡೋ ಹಾಗಿಲ್ಲ, ಹೃದಯ ಮತ್ತೆ ಬಡಿಯೋಕೆ ಶುರುವಾದ ಕೂಡ್ಲೇ ಬಿಪಿ ಎಲ್ಲಿಗೋ ಏರಿ ಆ ಹೊಲಿಗೆಗಳೇ ಬಿಟ್ಟುಕೊಳ್ಳಬಹುದು.

ಅಂದ್ರೆ ಹೃದಯವನ್ನ ದಾರಿಗೆ ತರೋದು ಶಾಕ್. ಔಷಧಿ ಇರೋದು ಅದು ಮತ್ತೆ ದಾರಿ ತಪ್ಪದ ಹಾಗೆ ಹಿಡಿದಿಡೋಕೆ, ಅಷ್ಟರಲ್ಲಿ ನಾವು ಹುಡುಕಬೇಕಾದ್ದು ಯಾಕೆ ಕೆಟ್ಟಿತು ಅಂತ. ಔಷಧಿ ಹೆಸರಿಗಿಂತ ಈ "ಯಾಕೆ"ನೇ ದೊಡ್ಡದು ಅಂತ ನಾನು ನನ್ನ ಜೂನಿಯರ್‌ಗಳಿಗೆ ಹೇಳ್ತಾನೇ ಇರ್ತೀನಿ, ನಿಮಗೂ ಅದನ್ನೇ ಸ್ವಲ್ಪ ಬಿಡಿಸಿ ಹೇಳ್ಬೇಕು.

ಆಪರೇಷನ್ ಆದ ಹೃದಯ ಮೊದಲ ಕೆಲವು ದಿನ ಬೆಂದು ಹೋದ ಚರ್ಮದ ಥರ, ಮುಟ್ಟಿದ್ರೂ ಉರಿ. ಗಂಟೆಗಟ್ಟಲೆ ನಿಲ್ಲಿಸಿಟ್ಟು ಮತ್ತೆ ಓಡಿಸಿರ್ತಾರೆ, ಮೈಗೆ ತುಂಬಿಕೊಂಡ ನೀರು ತೆಗೆಯೋಕೆ ಮೂತ್ರ ಹೋಗೋ ಇಂಜೆಕ್ಷನ್ ಕೊಟ್ಟಿರ್ತಾರೆ, ಆ ಮೂತ್ರದ ಜೊತೆ ಪೊಟ್ಯಾಷಿಯಂ, ಮೆಗ್ನೀಷಿಯಂ ಎರಡೂ ಸೋರಿ ಹೋಗ್ತವೆ. ಬಿಪಿ ಬೀಳದ ಹಾಗೆ ಹಿಡಿಯೋಕೆ ಅಂತ ಅಡ್ರಿನಲಿನ್, ಡೊಬುಟಮಿನ್ ಡ್ರಿಪ್ ಓಡ್ತಿರತ್ತೆ, ಅವು ಪಂಪಿಂಗ್‌ಗೆ ಬೇಕೇ ಬೇಕು ಆದ್ರೆ ರಿದಮ್ ಕೆಡಿಸೋದ್ರಲ್ಲೂ ಅವೇ ಮುಂದೆ. ಆಕ್ಸಿಜನ್ ಕಡಿಮೆಯಾಗಿರಬಹುದು, ರಕ್ತ ಆಸಿಡ್ ಆಗಿರಬಹುದು. ಹೃದಯದ ಮೇಲೆ ತಾತ್ಕಾಲಿಕವಾಗಿ ಹೊಲಿದಿರೋ ಪೇಸಿಂಗ್ ವೈರ್ ಬೀಟ್ ಸರಿಯಾಗಿ ಗುರುತಿಸದೆ ಹೊತ್ತಲ್ಲದ ಹೊತ್ತಲ್ಲಿ ಕರೆಂಟ್ ಬಿಟ್ಟು ವಿಎಫ್ ತಂದಿದ್ದೂ ಇದೆ, ಅಲ್ಲಿ ಪೇಸರ್ ಸೆಟ್ಟಿಂಗ್ ಸರಿ ಮಾಡದೆ ಔಷಧಿ ಸುರಿದ್ರೆ ಏನು ಪ್ರಯೋಜನ? ಎಲ್ಲಕ್ಕಿಂತ ಭಯದ್ದು, ಹೊಸ ಗ್ರಾಫ್ಟ್, ಅಂದ್ರೆ ಬೈಪಾಸ್‌ನಲ್ಲಿ ಜೋಡಿಸಿದ ರಕ್ತನಾಳ, ಮುಚ್ಚಿಕೊಂಡಿರೋದು.

ಇಲ್ಲಿ ಅಲೆಯ ಆಕಾರ ಸಹಾಯ ಮಾಡತ್ತೆ. ಅಗಲವಾದ ಅಲೆಗಳು ಒಂದರ ಹಾಗೇ ಇನ್ನೊಂದು ಇದ್ರೆ ಹಳೇ ಹಾರ್ಟ್ ಅಟ್ಯಾಕ್‌ನ ಕಲೆಯ ಸುತ್ತ ಕರೆಂಟ್ ಗಾಣದ ಎತ್ತಿನ ಹಾಗೆ ಸುತ್ತುತ್ತಿರೋ ಸಾಧ್ಯತೆ ಜಾಸ್ತಿ. ಪ್ರತಿ ಅಲೆನೂ ಬೇರೆ ಬೇರೆ ಆಕಾರ, ಈಸಿಜಿಯಲ್ಲಿ ಕ್ಯೂಟಿ (ಕೆಳಗಿನ ಕೋಣೆ ಒಂದು ಬೀಟ್ ಮುಗಿಸಿ ಮುಂದಿನದಕ್ಕೆ ತಯಾರಾಗೋಕೆ ಹಿಡಿಯೋ ಹೊತ್ತು) ಮಾತ್ರ ಉದ್ದ ಆಗಿಲ್ಲ ಅಂದ್ರೆ ಮೊದ್ಲು ಅನುಮಾನ ಪಡಬೇಕಾದ್ದು ರಕ್ತ ಸಿಗದ ಮಾಂಸಖಂಡವನ್ನ, ಅಂದ್ರೆ ಗ್ರಾಫ್ಟನ್ನ. ಅಂಥವರಿಗೆ ನಿಜವಾದ ಚಿಕಿತ್ಸೆ ಆಂಜಿಯೋಗ್ರಾಂ ಟೇಬಲ್ ಮೇಲೆ ಅಥವಾ ಮತ್ತೆ ಆಪರೇಷನ್ ಥಿಯೇಟರಲ್ಲಿ. ಕ್ಯೂಟಿ ಉದ್ದ ಆಗಿ ಅಲೆಗಳು ಹಗ್ಗ ಹೊಸೆದ ಹಾಗೆ ತಿರುಗ್ತಾ ಹೋದ್ರೆ ಅದು ಮೂರನೇ ಜಾತಿ, ಅದಕ್ಕೆ ಆಮೇಲೆ ಬರ್ತೀನಿ.

ನಿಮ್ಮ ತಂದೆಯವರ 3.1 ವಿಷಯ. ಅದು ಕಡಿಮೆನೇ, ಕಾರಣ ಆಗಿರೋ ಸಾಧ್ಯತೆ ಚೆನ್ನಾಗೇ ಇದೆ, ಹಾಗಾದ್ರೆ ಆಪರೇಷನ್‌ನಲ್ಲಿ ಯಾರೋ ತಪ್ಪು ಮಾಡಿದ್ರು ಅಂತ ಅರ್ಥ ಬರಲ್ಲ. ಆದ್ರೆ ಒಂದು ಎಚ್ಚರ. ಹೃದಯ ಕೆಟ್ಟ ಹೊತ್ತಲ್ಲಿ ಮೈಯೊಳಗೆ ಉಕ್ಕೋ ಅಡ್ರಿನಲಿನ್ನೇ ಪೊಟ್ಯಾಷಿಯಂನ ರಕ್ತದಿಂದ ಜೀವಕೋಶದ ಒಳಗೆ ತಳ್ಳಿಬಿಡತ್ತೆ, ಹಾಗಾಗಿ ಶಾಕ್ ಆದ್ಮೇಲೆ ತೆಗೆದ ರಕ್ತದಲ್ಲಿ 3.1 ಬಂದಿದ್ರೆ ಅದು ಕಾರಣವೋ ಪರಿಣಾಮವೋ ಹೇಳೋದು ಕಷ್ಟ. ಮುಂಚಿನ ರಿಪೋರ್ಟ್‌ನಲ್ಲೂ ಕಡಿಮೆ ಇತ್ತಾ ಅಂತ ಕೇಳಿ. "ಪೊಟ್ಯಾಷಿಯಂ ಕಡಿಮೆ ಇತ್ತು, ಸರಿ ಮಾಡಿದ್ವಿ" ಅಂತ ಅಲ್ಲಿಗೇ ಬಿಡೋದು ನನಗೆ ಒಪ್ಪಿಗೆ ಇಲ್ಲ, ಗ್ರಾಫ್ಟ್ ನೋಡಿದ್ರಾ, ಎಕೋದಲ್ಲಿ ಹೃದಯದ ಯಾವುದಾದ್ರೂ ಗೋಡೆ ಹೊಸದಾಗಿ ಮಂಕಾಗಿತ್ತಾ, ಟ್ರೊಪೊನಿನ್ (ಹೃದಯದ ಮಾಂಸಖಂಡಕ್ಕೆ ಪೆಟ್ಟಾದ್ರೆ ರಕ್ತದಲ್ಲಿ ಏರೋ ಅಂಶ) ಏರಿತ್ತಾ ಅನ್ನೋದೂ ಗೊತ್ತಾಗ್ಬೇಕು. (ಎಲ್ಲರ ಪೊಟ್ಯಾಷಿಯಂನ 4.5ರ ಮೇಲೇ ಇಡ್ಬೇಕು ಅನ್ನೋ ಹಳೇ ಅಭ್ಯಾಸವನ್ನ 2024ರಲ್ಲಿ ಬ್ರಿಟನ್, ಜರ್ಮನಿಯ ಒಂದು ದೊಡ್ಡ ಅಧ್ಯಯನ ಪ್ರಶ್ನೆ ಮಾಡಿದೆ, ಬೈಪಾಸ್ ಆದವರಲ್ಲಿ 3.6ಕ್ಕಿಂತ ಕೆಳಗೆ ಹೋದಾಗ ಮಾತ್ರ ಕೊಟ್ರೂ ಎಎಫ್ ಜಾಸ್ತಿ ಆಗ್ಲಿಲ್ಲ. ಅದು ಎಎಫ್ ಮಾತು. ವಿಟಿ ಆಗಿ ಹೋದವರಲ್ಲಿ ನಾನಂತೂ 4.5 ಹತ್ರ ಇಡೋದನ್ನ ಬಿಟ್ಟಿಲ್ಲ.)

ಈಗ ಔಷಧಿಗಳು. ಅಮಿಯೋಡರೋನ್ ಬೆಲ್ಜಿಯಂನಲ್ಲಿ 1961ರಲ್ಲಿ ತಯಾರಾಗಿದ್ದು ಎದೆನೋವಿಗೆ ಅಂತ. ಅದು ರಿದಮ್ ಹಿಡಿಯತ್ತೆ ಅಂತ 1970ರಲ್ಲಿ ಆಕ್ಸ್‌ಫರ್ಡಿನಲ್ಲಿ ತೋರಿಸಿದವರು ಬ್ರಾಮಾ ಸಿಂಗ್ ಮತ್ತು ವಾನ್ ವಿಲಿಯಮ್ಸ್. ಪಂಪಿಂಗ್ ಕಡಿಮೆ ಇರೋ ಹೃದಯಕ್ಕೂ ಕೊಡಬಹುದಾದ ರಿದಮ್ ಔಷಧಿಗಳು ಬೆರಳೆಣಿಕೆಯಷ್ಟು, ಅದಕ್ಕೇ ಇದು ಮೊದಲ ಸಾಲಲ್ಲಿ ನಿಂತಿದೆ. ಬಿಪಿ ಇದ್ದಾಗ ಮಾಮೂಲಾಗಿ 150 ಮಿಲಿಗ್ರಾಂ ಹತ್ತು ನಿಮಿಷದಲ್ಲಿ, ಆಮೇಲೆ ನಿಮಿಷಕ್ಕೆ 1 ಮಿಲಿಗ್ರಾಂ ಲೆಕ್ಕದಲ್ಲಿ 6 ಗಂಟೆ, ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ 18 ಗಂಟೆ ಓಡಿಸ್ತಾರೆ. ಅವಸರದಲ್ಲಿ ಬೇಗ ತಳ್ಳಿದ್ರೆ ಬಿಪಿ ಬೀಳತ್ತೆ, ಇಂಜೆಕ್ಷನ್‌ನಲ್ಲಿ ಔಷಧಿ ಕರಗಿಸೋಕೆ ಬೆರೆಸಿರೋ ದ್ರಾವಕದ್ದೂ ಅದರಲ್ಲಿ ಪಾಲಿದೆ. ಕೈಯಿನ ಸಣ್ಣ ನರದಲ್ಲಿ ಗಂಟೆಗಟ್ಟಲೆ ಓಡಿಸಿದ್ರೆ ನರ ಕೆಂಪಾಗಿ ದಾರದ ಹಾಗೆ ಗಟ್ಟಿಯಾಗತ್ತೆ, ಅದಕ್ಕೆ ಕುತ್ತಿಗೆಯ ದೊಡ್ಡ ಲೈನಿಗೇ ಹಾಕೋದು.

ಲಿಗ್ನೋಕೇನ್ ಅಂದ್ರೆ ಹಲ್ಲು ಕೀಳುವಾಗ ಮರಗಟ್ಟಿಸೋಕೆ ಕೊಡ್ತಾರಲ್ಲ ಅದೇ. ರಕ್ತ ಸಾಲದೆ ನರಳ್ತಿರೋ ಮಾಂಸಖಂಡದಲ್ಲಿ ಅದು ಚೆನ್ನಾಗಿ ಹಿಡಿಯತ್ತೆ, ಕ್ಯೂಟಿ ಉದ್ದ ಮಾಡಲ್ಲ, ಬಿಪಿ ಅಷ್ಟಾಗಿ ಬೀಳಿಸಲ್ಲ. ಅಮಿಯೋಡರೋನ್ ಸಾಕಾಗದಾಗ ಜೊತೆಗೆ ಸೇರಿಸೋದು ಮಾಮೂಲು, ನಿಮ್ಮ ತಂದೆಗೂ ಹಾಗೇ ಮಾಡಿರ್ತಾರೆ. ಲಿವರ್‌ಗೆ ರಕ್ತ ಕಡಿಮೆ ಹೋಗ್ತಿದ್ರೆ ಅದು ಮೈಯಲ್ಲೇ ಉಳಿದು ತುಟಿ ಸುತ್ತ ಜುಮ್ ಅನ್ನೋದು, ತೊದಲೋದು, ಕೊನೆಗೆ ಫಿಟ್ಸ್ ಕೂಡ ಬರಬಹುದು, ರೋಗಿ ಏನೇನೋ ಮಾತಾಡೋಕೆ ಶುರು ಮಾಡಿದ್ರೆ "ಐಸಿಯು ಭ್ರಮೆ" ಅಂತ ಬಿಡದೆ ಡ್ರಿಪ್ ಕಡೆ ಒಂದ್ಸಲ ನೋಡ್ಬೇಕು.

ಬೀಟಾ ಬ್ಲಾಕರ್‌ಗಳಿಗೆ, ಅಂದ್ರೆ ಹೃದಯದ ಮೇಲೆ ಅಡ್ರಿನಲಿನ್ ಜೋರು ತಡೆಯೋ ಔಷಧಿಗಳಿಗೆ, ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅಂತ ನನಗೆ ಯಾವಾಗ್ಲೂ ಅನ್ಸತ್ತೆ. 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ವಿಟಿ, ವಿಎಫ್ ಬಂದ್ರೆ ಅದನ್ನ ಎಲೆಕ್ಟ್ರಿಕಲ್ ಸ್ಟಾರ್ಮ್ ಅಂತಾರೆ. ಅಲ್ಲಿ ಪ್ರತಿ ಶಾಕ್ ನೋವು, ಭಯ ಹುಟ್ಟಿಸತ್ತೆ, ಭಯದಿಂದ ಅಡ್ರಿನಲಿನ್ ಏರತ್ತೆ, ಅದರಿಂದ ಮತ್ತೆ ವಿಟಿ. ಈ ಸುಳಿ ಕತ್ತರಿಸೋದು ಎಸ್ಮೊಲಾಲ್, ಪ್ರೊಪ್ರಾನೊಲಾಲ್ ಥರದವು, ಜೊತೆಗೆ ಆಳವಾಗಿ ನಿದ್ದೆ ಬರಿಸೋದು. ಎಸ್ಮೊಲಾಲ್ ಅರ್ಧದಷ್ಟು ಕರಗೋಕೆ 9 ನಿಮಿಷ ಸಾಕು, ಪಂಪಿಂಗ್ ಕಡಿಮೆ ಇದ್ರೂ ಎಚ್ಚರದಿಂದ ಕೊಟ್ಟು ನೋಡಬಹುದು, ತಡೆಯದಿದ್ರೆ ನಿಲ್ಲಿಸಿದ್ರಾಯ್ತು. ನಿಮ್ಮ ತಂದೆ ತಗೋತಿರೋ ಮೆಟೊಪ್ರೊಲಾಲ್ ಇದೇ ಮನೆತನದ್ದು, ಅಮಿಯೋಡರೋನ್ ನಿಂತ ಮೇಲೂ ಅದು ಮುಂದುವರಿಯೋ ಸಾಧ್ಯತೆ ಜಾಸ್ತಿ, ಎರಡನ್ನೂ ಒಂದೇ ಅಂದ್ಕೊಂಡು ಒಟ್ಟಿಗೆ ಬಿಟ್ಟುಬಿಡ್ಬೇಡಿ.

ಇನ್ನು ಆ ಹಗ್ಗ ಹೊಸೆದ ಹಾಗಿರೋ ವಿಟಿ. 1966ರಲ್ಲಿ ಫ್ರಾನ್ಸಿನ ದೆಸೆರ್ತೆನ್ ಅನ್ನೋ ವೈದ್ಯರು ವಿವರಿಸಿ ಟೊರ್ಸಾಡ್ ಅಂತ ಹೆಸರಿಟ್ರು. ನನ್ನ ಕೈಯಲ್ಲೇ ಆದ ಒಂದು ಘಟನೆ ಹೇಳ್ತೀನಿ. ವಾಲ್ವ್ ಆಪರೇಷನ್ ಆದ ಒಬ್ಬ ಅಮ್ಮ, ಎಎಫ್‌ಗೆ ಅಮಿಯೋಡರೋನ್ ಓಡ್ತಿತ್ತು, ರಾತ್ರಿ ಗೊಂದಲ ಶುರುವಾಗಿ ಲೈನ್ ಕೀಳೋಕೆ ಹೋದ್ರು ಅಂತ ಹ್ಯಾಲೊಪೆರಿಡಾಲ್ ಕೊಟ್ಟಿದ್ರು, ವಾಂತಿಗೆ ಒಂಡಾನ್ಸೆಟ್ರಾನ್ ಕೊಟ್ಟಿದ್ರು, ಬೀಟ್ ನಿಮಿಷಕ್ಕೆ ಐವತ್ತರ ಆಸುಪಾಸು. ಮೂರೂ ಕ್ಯೂಟಿ ಉದ್ದ ಮಾಡೋ ಔಷಧಿಗಳೇ, ಒಂದೊಂದಾಗಿ ನೋಡಿದ್ರೆ ಯಾವುದೂ ತಪ್ಪಲ್ಲ. ಬೆಳಗಿನ ಜಾವ ಅಲೆಗಳು ತಿರುಚಿಕೊಳ್ಳೋಕೆ ಶುರುವಾಯ್ತು. ನಾನು ಓಡಿ ಹೋದಾಗ ಡ್ಯೂಟಿ ಡಾಕ್ಟರ್ ಇನ್ನೂ 150 ಅಮಿಯೋಡರೋನ್ ಸಿರಿಂಜ್‌ಗೆ ತುಂಬಿಕೊಂಡು ನಿಂತಿದ್ರು. ಅದನ್ನ ಕೊಟ್ಟಿದ್ರೆ ಬೆಂಕಿಗೆ ಎಣ್ಣೆ. ಓಡ್ತಿದ್ದ ಡ್ರಿಪ್ಪೂ ನಿಲ್ಲಿಸಿ, ಮೆಗ್ನೀಷಿಯಂ 2 ಗ್ರಾಂ ಕೊಟ್ಟು, ಎದೆಯಿಂದ ಹೊರಬಂದಿದ್ದ ಪೇಸಿಂಗ್ ವೈರ್‌ಗೆ ಪೇಸರ್ ಜೋಡಿಸಿ ಬೀಟ್ ನೂರಕ್ಕೆ ಏರಿಸಿದ್ವಿ, ಬೀಟ್ ಬೇಗ ಆದ್ರೆ ಕ್ಯೂಟಿ ತಾನಾಗೇ ಚಿಕ್ಕದಾಗತ್ತೆ. ಹತ್ತು ನಿಮಿಷದಲ್ಲಿ ಗೆರೆ ನೆಟ್ಟಗಾಯ್ತು. ಒಂದು ವಿಟಿಯಿಂದ ಉಳಿಸೋ ಔಷಧಿನೇ ಇನ್ನೊಂದು ವಿಟಿಯನ್ನ ಸಾಕತ್ತೆ ಅನ್ನೋದನ್ನ ನಾನು ಆ ಸಿರಿಂಜ್ ನೋಡಿದಾಗಿನಿಂದ ಮರೆತಿಲ್ಲ.

ಎಕ್ಸ್‌ಟ್ರಾ ಬೀಟ್ ಕಾಣಿಸಿದ್ರೆಲ್ಲ ಔಷಧಿ ಕೊಟ್ಟು ಒತ್ತಿಹಿಡಿಯೋದೂ ಅಪಾಯ. ಹಾರ್ಟ್ ಅಟ್ಯಾಕ್ ಆದವರ ಎಕ್ಸ್‌ಟ್ರಾ ಬೀಟ್ ಅಡಗಿಸಿದ್ರೆ ಸಾವು ಕಡಿಮೆಯಾಗತ್ತೆ ಅಂತ ನಂಬಿ ಕಾಸ್ಟ್ ಅನ್ನೋ ಅಧ್ಯಯನದಲ್ಲಿ ಫ್ಲೆಕೈನೈಡ್, ಎನ್‌ಕೈನೈಡ್ ಕೊಟ್ಟು ನೋಡಿದ್ರು. ಬೀಟ್ ಅಡಗಿತು, ಆದ್ರೆ ಔಷಧಿ ತಗೊಂಡ 755 ಜನರಲ್ಲಿ 63 ಸಾವು, ಬರೀ ಸಕ್ಕರೆ ಗುಳಿಗೆಯಂಥದ್ದು ತಗೊಂಡ 743 ಜನರಲ್ಲಿ 26. 1989ರಲ್ಲಿ ಆ ಭಾಗ ಅರ್ಧಕ್ಕೇ ನಿಲ್ಲಿಸಬೇಕಾಯ್ತು. ಹಾಗಾಗಿ ಮುಂದೆ ನಿಮ್ಮ ತಂದೆಯವರ ಈಸಿಜಿಯಲ್ಲಿ ಆಗೊಮ್ಮೆ ಈಗೊಮ್ಮೆ ಎಕ್ಸ್‌ಟ್ರಾ ಬೀಟ್ ಕಂಡು ಡಾಕ್ಟರ್ "ಇರಲಿ ಬಿಡಿ" ಅಂದ್ರೆ ಅದು ಉದಾಸೀನ ಅಲ್ಲ. ಹಾಗೇ ವಿಟಿ ಇರೋವಾಗ ಅದನ್ನ ಬೇರೇನೋ ಅಂದ್ಕೊಂಡು ವೆರಾಪಮಿಲ್ ಅನ್ನೋ ಇನ್ನೊಂದು ರಿದಮ್ ಔಷಧಿ ಕೊಟ್ರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು.

ಮನೆ ವಿಷಯಕ್ಕೆ ಬರೋಣ. ಕಾರಣ ಸಿಕ್ಕಿ ಸರಿಹೋಗಿದೆ, ಮತ್ತೆ ವಿಟಿ ಬಂದಿಲ್ಲ ಅಂದ್ರೆ ಅಮಿಯೋಡರೋನ್ ಸಾಮಾನ್ಯವಾಗಿ ಆರು ವಾರದಿಂದ ಮೂರು ತಿಂಗಳೊಳಗೆ ನಿಲ್ಲಿಸ್ತಾರೆ, ನಿಲ್ಲಿಸೋ ಮುಂಚೆ ಈಸಿಜಿ, ಎಕೋ, 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡೋ ಈಸಿಜಿ) ನೋಡೋದು ಒಳ್ಳೇದು. ಒಂದು 200ರ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ, ಮೈಗೆ ದಿನಕ್ಕೆ ಬೇಕಾಗೋದು ಒಂದು ಮಿಲಿಗ್ರಾಂಗಿಂತ ಎಷ್ಟೋ ಕಡಿಮೆ, ಥೈರಾಯ್ಡ್ ಕೆಡೋದು ಯಾಕೆ ಅಂತ ಇದರಲ್ಲೇ ಗೊತ್ತಾಗತ್ತೆ. ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಲಿವರ್ ಟೆಸ್ಟ್, ಒಂದು ಎದೆ ಎಕ್ಸ್‌ರೇ ಈಗ ಮಾಡಿಸಿಟ್ಕೊಳ್ಳಿ, ಮಾತ್ರೆ ಮುಂದುವರಿದ್ರೆ ಆರು ತಿಂಗಳಿಗೊಮ್ಮೆ ಥೈರಾಯ್ಡ್, ಲಿವರ್. ಶ್ವಾಸಕೋಶದ ತೊಂದರೆ ಇಷ್ಟು ಕಡಿಮೆ ಡೋಸ್‌ನಲ್ಲಿ ಇಷ್ಟು ಕಡಿಮೆ ದಿನಕ್ಕೆ ಬರೋದು ಅಪರೂಪ, ಆದ್ರೂ ಒಣಕೆಮ್ಮು, ಹೊಸದಾಗಿ ಏದುಸಿರು ಶುರುವಾದ್ರೆ ಕಾಯದೆ ತೋರಿಸಿ. ನಾಡಿ 50ರ ಕೆಳಗೆ ಹೋದ್ರೆ ಅಥವಾ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದ್ರೆ ಫೋನ್ ಮಾಡಿ, ಪ್ರಜ್ಞೆ ತಪ್ಪಿದ್ರೆ ನೇರ ಎಮರ್ಜೆನ್ಸಿಗೆ. ಕೊಲೆಸ್ಟ್ರಾಲ್ ಮಾತ್ರೆ ಅಟೊರ್ವಾಸ್ಟಾಟಿನ್ ಅಮಿಯೋಡರೋನ್ ಜೊತೆ ಪರವಾಗಿಲ್ಲ, ಸಿಂವಾಸ್ಟಾಟಿನ್ ಆಗಿದ್ರೆ 20 ಮಿಲಿಗ್ರಾಂ ದಾಟಬಾರದಿತ್ತು. ಜ್ವರ ಕೆಮ್ಮು ಅಂತ ಬೇರೆ ಯಾರಾದ್ರೂ ಅಜಿತ್ರೊಮೈಸಿನ್, ಲಿವೊಫ್ಲಾಕ್ಸಸಿನ್ ಬರೆದ್ರೆ ಅಮಿಯೋಡರೋನ್ ತಗೋತಿದ್ದಾರೆ ಅಂತ ಬಾಯಿಬಿಟ್ಟು ಹೇಳಿ, ಆ ವಾಲ್ವ್ ಆಪರೇಷನ್ ಆದ ಅಮ್ಮನಿಗೆ ಆಗಿದ್ದು ಇಂಥ ಕೂಡಿಕೆಯಿಂದಲೇ.

ಪಂಪಿಂಗ್ 40 ಇರೋದ್ರಿಂದ ಎದೆಯೊಳಗೆ ಶಾಕ್ ಯಂತ್ರ ಹಾಕಿಸ್ಬೇಕಾ ಅನ್ನೋ ಪ್ರಶ್ನೆ ನಿಮಗೆ ಬಂದೇ ಬರತ್ತೆ. ಬೈಪಾಸ್ ಆದ್ಮೇಲೆ ಹೃದಯ ಚೇತರಿಸಿಕೊಳ್ಳೋಕೆ ಮೂರು ತಿಂಗಳು ಕೊಟ್ಟು ಆಮೇಲೆ ಎಕೋ ನೋಡೋದು ವಾಡಿಕೆ. ಆದ್ರೆ ಇವರ ವಿಟಿ ಬಂದಿದ್ದು 48 ಗಂಟೆ ಕಳೆದ ಮೇಲೆ, ಮೊದಲ ದಿನದ ವಿಟಿಗಿಂತ ಇದನ್ನ ಗಂಭೀರವಾಗಿ ನೋಡ್ಬೇಕು, ಪೊಟ್ಯಾಷಿಯಂ ಕಥೆ ಗಟ್ಟಿಯಾಗಿ ನಿಲ್ಲದಿದ್ರೆ ಮೂರು ತಿಂಗಳು ಕಾಯದೆ ಈಗ್ಲೇ ರಿದಮ್ ಸ್ಪೆಷಲಿಸ್ಟ್ ಹತ್ರ ಒಂದ್ಸಲ ತೋರಿಸಿ ಅಂತ ನಾನು ಹೇಳ್ತೀನಿ.

ಕೊನೇದು ವಾರ್ಫರಿನ್, ಅಂದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ. ಮೆಟಲ್ ವಾಲ್ವ್ ಇರೋ ನಿಮ್ಮ ತಂದೆಗೆ ನನಗೆ ಹೆಚ್ಚು ಚಿಂತೆ ಇರೋದು ಇದರದ್ದೇ. ಅಮಿಯೋಡರೋನ್ ಸೇರಿದಾಗ ವಾರ್ಫರಿನ್ ಜೋರು ವಾರ ಕಳೆದ ಹಾಗೆ ಏರ್ತಾ ಹೋಗತ್ತೆ, ಡೋಸ್ ಮೂರನೇ ಒಂದರಷ್ಟು ಇಳಿಸಬೇಕಾಗೋದು ಮಾಮೂಲು, ಅವರಿಗೂ ಇಳಿಸಿರ್ತಾರೆ. ಅಮಿಯೋಡರೋನ್ ನಿಲ್ಲಿಸಿದ ದಿನವೇ ಅದು ಮೈಯಿಂದ ಹೋಗಲ್ಲ, ಕೊಬ್ಬಿನಲ್ಲಿ ಕೂತಿರತ್ತೆ, ಅರ್ಧ ಕರಗೋಕೇ ಸುಮಾರು ಎರಡು ತಿಂಗಳು. ಅಷ್ಟೂ ದಿನ ವಾರ್ಫರಿನ್ ಜೋರು ನಿಧಾನಕ್ಕೆ ಇಳೀತಾ ಹೋಗತ್ತೆ, ಯಾರೂ ಗಮನಿಸದಿದ್ರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ತೋರಿಸೋ ರಕ್ತಪರೀಕ್ಷೆ) ಕೆಳಗೆ ಜಾರಿ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೇ ಅಮಿಯೋಡರೋನ್ ನಿಲ್ಲಿಸಿದ ತಾರೀಕನ್ನ ಐಎನ್‌ಆರ್ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ, ಆಮೇಲೆ ಮೊದಲ ಒಂದೆರಡು ತಿಂಗಳು ವಾರಕ್ಕೊಮ್ಮೆ, ಮತ್ತೆರಡು ತಿಂಗಳು ಹದಿನೈದು ದಿನಕ್ಕೊಮ್ಮೆ ಐಎನ್‌ಆರ್ ಮಾಡಿಸೋ ಹಾಗೆ ಡಾಕ್ಟರ ಹತ್ರ ಬರೆಸ್ಕೊಳ್ಳಿ.